ಬೀಟ್ರಿಕ್ಸ್ ಪಾಟರ್ ಅವರ ಪುಟ್ಟ ಪುಸ್ತಕಗಳು: ಹಕ್ಕು, ಅಚ್ಚು, ಚಿತ್ರ, ಜೊತೆಗೆ ಆ ಕುರಿಗಳು (ಚರ್ಚಾಕಟ್ಟೆಯ ಮಾತುಕತೆ; ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು)

ಮುನ್ನುಡಿ
ಇಂಗ್ಲೆಂಡಿನ ಮಕ್ಕಳ ಲೇಖಕಿ ಬೀಟ್ರಿಕ್ಸ್ ಪಾಟರ್ ಅವರ ಪೀಟರ್ ರ‍್ಯಾಬಿಟ್ ಕಥೆಯನ್ನು ಮೂಲದ ಅಳತೆಯಲ್ಲೇ, ಅವರದೇ ಬಣ್ಣದ ಚಿತ್ರಗಳ ಸಮೇತ ಕನ್ನಡಕ್ಕೆ ತರುವ ಯೋಚನೆ ಇದೆ. ಅನುಮತಿ ಬೇಕೇ? ಚಿತ್ರಗಳನ್ನು ಯಾವ ಆವೃತ್ತಿಯಿಂದ ತೆಗೆದುಕೊಳ್ಳಬೇಕು? ಅಂಗೈಯಗಲದ ಆ ಪುಸ್ತಕ ನಮ್ಮ ಪ್ರೆಸ್‌ಗಳಲ್ಲಿ ಕಾಗದ ಹಾಳಾಗದಂತೆ ಅಚ್ಚಾಗುತ್ತದೆಯೇ? ಕೊನೆಗೆ ಲೇಖಕಿಯ ಬಗ್ಗೆ ಎರಡು ಪುಟದ ಪರಿಚಯವೂ ಬೇಕು. ಅಂತರ್ಜಾಲದಲ್ಲಿ ಓಡಾಡುವ ಸಂಗತಿಗಳಲ್ಲಿ ಯಾವುದು ನಿಜ, ಯಾವುದು ಕಟ್ಟುಕಥೆ ಎಂದು ಬಲ್ಲವರು ಹೇಳಿದರೆ ಉಪಕಾರ.

ಕಾಯ್ದೆಕಟ್ಟೆ
ಅನುಮತಿ ಬೇಡ, ಆದರೆ ಎಚ್ಚರ ಬೇಕು.

ನಮ್ಮ ಕಾಯ್ದೆಯಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದ ಜನವರಿಯಿಂದ 60 ವರ್ಷ ಎಣಿಸುತ್ತಾರೆ. ಪಾಟರ್ ತೀರಿಕೊಂಡಿದ್ದು 1943ರ ಡಿಸೆಂಬರ್ 22ರಂದು. ಹಾಗಾಗಿ ಇಲ್ಲಿ 2003ರ ಕೊನೆಗೇ ಹಕ್ಕುಸ್ವಾಮ್ಯ ಮುಗಿದಿದೆ. ಬ್ರಿಟನ್ನಿನಲ್ಲಿ 70 ವರ್ಷ, ಅಲ್ಲೂ 2013ರ ಕೊನೆಗೆ ಮುಗಿಯಿತು. ಬರೆದವರೂ ಚಿತ್ರ ಬಿಡಿಸಿದವರೂ ಅವರೇ ಆಗಿರುವುದರಿಂದ ಕಥೆಗೊಂದು, ಚಿತ್ರಕ್ಕೊಂದು ಲೆಕ್ಕ ಹಾಕುವ ತಲೆನೋವಿಲ್ಲ. ಎಷ್ಟೋ ಮಕ್ಕಳ ಪುಸ್ತಕಗಳಲ್ಲಿ ಪಠ್ಯ ಮುಕ್ತವಾಗಿದ್ದರೂ ಚಿತ್ರ ಮುಕ್ತವಾಗಿರುವುದಿಲ್ಲ.

ಎಚ್ಚರ ಎಲ್ಲೆಲ್ಲಿ ಅಂದರೆ, ಅವರು ತೀರಿಕೊಂಡ ಮೇಲೆ ಮೊದಲ ಬಾರಿ ಪ್ರಕಟವಾದ ಬರಹಗಳು ಈ ಲೆಕ್ಕಕ್ಕೆ ಬರುವುದಿಲ್ಲ, ಅವುಗಳ 60 ವರ್ಷ ಪ್ರಕಟಣೆಯಿಂದ ಶುರು. ಬೂಟು ತೊಟ್ಟ ಬೆಕ್ಕಿನ ಕಥೆಯೊಂದು 2016ರಲ್ಲಿ ಕ್ವೆಂಟಿನ್ ಬ್ಲೇಕ್ ಅವರ ಚಿತ್ರಗಳೊಂದಿಗೆ ಹೊರಬಂತಲ್ಲ, ಅದನ್ನು ಮುಟ್ಟಬೇಡಿ. ಎರಡನೆಯದು, ಪ್ರಕಾಶಕರಾದ ಫ್ರೆಡರಿಕ್ ವಾರ್ನ್ ಸಂಸ್ಥೆ 1987ರಲ್ಲಿ ಮೂಲ ಜಲವರ್ಣಗಳಿಂದಲೇ ಚಿತ್ರಗಳನ್ನು ಹೊಸದಾಗಿ ತೆಗೆಸಿ ಮರುಮುದ್ರಿಸಿತು. ಆ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಬಳಸಿದರೆ ಜಗಳಕ್ಕೆ ದಾರಿ. ಹಳೆಯ ಮುದ್ರಣಕ್ಕೇ ಹೋಗಿ.

ಮೂರನೆಯದು ಟ್ರೇಡ್‌ಮಾರ್ಕ್. ಹಕ್ಕುಸ್ವಾಮ್ಯ ತೀರಿದರೂ ಟ್ರೇಡ್‌ಮಾರ್ಕ್ ತೀರುವುದಿಲ್ಲ, ನವೀಕರಿಸುತ್ತಾ ಹೋಗಬಹುದು. ವಾರ್ನ್ ಸಂಸ್ಥೆ (1983ರಿಂದ ಪೆಂಗ್ವಿನ್ ಕೈಯಲ್ಲಿದೆ) ಪಾತ್ರಗಳ ಹೆಸರು, ಕೆಲವು ಚಿತ್ರಗಳ ಮೇಲೆ ಮಾರ್ಕ್ ಇಟ್ಟುಕೊಂಡಿದೆ. ಒಳಗೆ ಕಥೆ ಅಚ್ಚು ಹಾಕುವುದು ಬೇರೆ, ಅವರ ಮುಖಪುಟದ ವಿನ್ಯಾಸವನ್ನೇ ನಕಲು ಹೊಡೆಯುವುದು ಬೇರೆ. ಮುಖಪುಟವನ್ನು ನಿಮ್ಮದೇ ರೀತಿಯಲ್ಲಿ ಮಾಡಿ. ಅದಕ್ಕೂ ಮೊದಲು ಭಾರತದ ಟ್ರೇಡ್‌ಮಾರ್ಕ್ ನೋಂದಣಿ ಜಾಲತಾಣದಲ್ಲಿ 16ನೇ ವರ್ಗ (ಮುದ್ರಿತ ಸರಕು) ಮತ್ತು 28ನೇ ವರ್ಗ (ಆಟಿಕೆ) ಎರಡನ್ನೂ ಹುಡುಕಿ. ಪುಸ್ತಕದ ಜೊತೆ ಬೊಂಬೆ, ಚೀಲ, ಲೋಟ ಮಾರುವ ಆಸೆ ಇದ್ದರೆ ವಕೀಲರನ್ನು ಕೇಳದೆ ಕೈ ಹಾಕಬೇಡಿ.

ಈ ಎಚ್ಚರವನ್ನು ವಾರ್ನ್‌ನವರು ಕಲಿತದ್ದು ಪೆಟ್ಟು ತಿಂದ ಮೇಲೆ. 1902ರಲ್ಲಿ ಪೀಟರ್ ರ‍್ಯಾಬಿಟ್ ಪುಸ್ತಕವನ್ನು ಅಮೆರಿಕದಲ್ಲಿ ನೋಂದಾಯಿಸಲಿಲ್ಲ. 1904ರಲ್ಲಿ ಫಿಲಡೆಲ್ಫಿಯಾದ ಆಲ್ಟೆಮಸ್ ಎಂಬ ಪ್ರಕಾಶಕರು ತಮ್ಮ ಮುದ್ರಣ ತಂದರು, ಪಾಟರ್ ಅವರಿಗೆ ಬಿಡಿಗಾಸೂ ಸಿಗಲಿಲ್ಲ. ಆದರೆ ಅವರೇ ಹೊಲಿದ ಪೀಟರ್ ಬೊಂಬೆಯನ್ನು ಲಂಡನ್ನಿನ ಪೇಟೆಂಟ್ ಕಚೇರಿಯಲ್ಲಿ 1903ರ ಡಿಸೆಂಬರ್ 28ರಂದೇ ನೋಂದಾಯಿಸಿದ್ದರು. ವ್ಯವಹಾರದಲ್ಲಿ ಪ್ರಕಾಶಕರಿಗಿಂತ ಲೇಖಕಿಯೇ ಚುರುಕು.

ಹಳೆಹೊತ್ತಗೆ
ಹಳೆಯ ಮುದ್ರಣ ಎಂದರೆ ಯಾವುದು ಎಂದು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮೋಸ ಹೋಗುತ್ತೀರಿ.

ಕಥೆ ಮೊದಲು ಬಂದದ್ದು ಒಂದು ಪತ್ರದಲ್ಲಿ. 1893ರ ಸೆಪ್ಟೆಂಬರ್ 4ರಂದು ಸ್ಕಾಟ್ಲೆಂಡಿನ ಡಂಕೆಲ್ಡ್ ಬಳಿಯಿಂದ, ತಮ್ಮ ಹಿಂದಿನ ಶಿಕ್ಷಕಿ ಆ್ಯನಿ ಮೂರ್ ಅವರ ಕಾಯಿಲೆ ಬಿದ್ದ ಮಗ ನೋಯೆಲ್‌ಗೆ ಪಾಟರ್ ಬರೆದದ್ದು. ಏಳು ವರ್ಷದ ಮೇಲೆ ಆ ಪತ್ರವನ್ನು ವಾಪಸು ಕೇಳಿ ಪಡೆದು, ನಕಲು ಮಾಡಿಕೊಂಡು, ಹಿಗ್ಗಿಸಿ ಪುಸ್ತಕವಾಗಿಸಿದರು. ಆರು ಪ್ರಕಾಶಕರಾದರೂ ಬೇಡ ಎಂದರು. ಆಗ ಸ್ವಂತ ಖರ್ಚಿನಲ್ಲಿ 1901ರ ಡಿಸೆಂಬರಿನಲ್ಲಿ 250 ಪ್ರತಿ, 1902ರ ಫೆಬ್ರುವರಿಯಲ್ಲಿ ಇನ್ನೂ 200 ಪ್ರತಿ. ಅವುಗಳಲ್ಲಿ ಒಂದೇ ಒಂದು ಬಣ್ಣದ ಚಿತ್ರ, ಶೀರ್ಷಿಕೆಯ ಎದುರುಪುಟದಲ್ಲಿ. ಉಳಿದ 41 ಚಿತ್ರ ಕಪ್ಪುಗೆರೆಯವು. ಡಿಸೆಂಬರಿನ ಪ್ರತಿಗಳ ಬೆನ್ನು ಚಪ್ಪಟೆ, ಫೆಬ್ರುವರಿಯದು ದುಂಡು.

ವಾರ್ನ್ ಸಂಸ್ಥೆ ಎಲ್ಲ ಚಿತ್ರಕ್ಕೂ ಬಣ್ಣ ಹಾಕಿಕೊಡಿ, ಸಂಖ್ಯೆ ಕಡಿಮೆ ಮಾಡಿ ಎಂಬ ಷರತ್ತಿನ ಮೇಲೆ ಒಪ್ಪಿತು. 1902ರ ಅಕ್ಟೋಬರಿನಲ್ಲಿ ಮೊದಲ 8000 ಪ್ರತಿ. ರಟ್ಟಿನ ಕಟ್ಟಿಗೆ 1 ಶಿಲಿಂಗ್, ಬಟ್ಟೆ ಕಟ್ಟಿಗೆ ಒಂದೂವರೆ. ವರ್ಷ ಮುಗಿಯುವಷ್ಟರಲ್ಲಿ 28,000 ಪ್ರತಿ ಅಚ್ಚಾಗಿತ್ತು.

ಗುರುತು ಹೀಗೆ. 1902ರ ಮುದ್ರಣಗಳಲ್ಲಿ ರಟ್ಟಿಗೆ ಅಂಟಿಸುವ ಒಳಹಾಳೆಯಲ್ಲಿ ಎಲೆಗಳ ಮಾದರಿ ಇರುತ್ತದೆ. 1903ರ ಐದನೇ ಮುದ್ರಣದಿಂದ ಅಲ್ಲಿ ಪಾತ್ರಗಳ ಬಣ್ಣದ ಚಿತ್ರ ಬಂತು, ಅದಕ್ಕೆ ಜಾಗ ಮಾಡಲು ಒಳಗಿನ ನಾಲ್ಕು ಚಿತ್ರಗಳನ್ನು ಕಿತ್ತರು, ಉಳಿದದ್ದು 27. ತೀರಾ ಮೊದಲ ಮುದ್ರಣದ 51ನೇ ಪುಟದಲ್ಲಿ ಪೀಟರ್ ಅಳುವ ವಾಕ್ಯದ ಕ್ರಿಯಾಪದ ಬೇರೆ, ಆಮೇಲೆ ಅದನ್ನು ತಿದ್ದಿದ್ದಾರೆ. ಎಲ್ಲರೂ ಬೀಳುವ ಹಳ್ಳ ಯಾವುದೆಂದರೆ, ಹಕ್ಕುಪುಟದಲ್ಲಿ ‘1902’ ಎಂದಿದ್ದ ಮಾತ್ರಕ್ಕೆ ಅದು ಮೊದಲ ಮುದ್ರಣ ಎಂದುಕೊಳ್ಳುವುದು. ಹತ್ತಾರು ವರ್ಷಗಳ ಮರುಮುದ್ರಣಗಳಲ್ಲೂ ಆ ಸಾಲು ಹಾಗೇ ಇದೆ. ಹಳೆ ಪುಸ್ತಕದಂಗಡಿಯಲ್ಲಿ ಅದನ್ನು ತೋರಿಸಿ ಬೆಲೆ ಏರಿಸುವವರಿದ್ದಾರೆ.

ನಿಮಗೆ ಸಂಗ್ರಾಹಕರ ಪ್ರತಿ ಬೇಕಿಲ್ಲ. ಅಚ್ಚಿನ ಬ್ಲಾಕುಗಳು ಸವೆಯುವ ಮುಂಚಿನ, ಅಂದರೆ ಆದಷ್ಟು 1910ಕ್ಕೆ ಹಿಂದಿನ ಒಂದು ಪ್ರತಿಯ ಒಳ್ಳೆ ಸ್ಕ್ಯಾನ್ ಸಾಕು.

ಅಚ್ಚುಮೊಳೆ
ಬ್ಲಾಕ್ ಸವೆಯುವ ಮಾತು ಬಂದದ್ದು ಒಳ್ಳೆಯದಾಯಿತು. ಮೂಲ ಅಚ್ಚು ಹೇಗಾಗಿತ್ತು ಎಂದು ಗೊತ್ತಿಲ್ಲದೆ ಸ್ಕ್ಯಾನ್ ಮಾಡಿದರೆ ಚಿತ್ರ ಕೆಡುವುದು ಖಂಡಿತ.

ಬ್ಲಾಕ್ ಮಾಡಿದ್ದು ಕಾರ್ಲ್ ಹೆನ್‌ಷೆಲ್ ಅವರ ಸಂಸ್ಥೆ, ಮುದ್ರಿಸಿದ್ದು ಎಡ್ಮಂಡ್ ಇವಾನ್ಸ್ ಅವರದು. ಆ ಕಾಲಕ್ಕೆ ಹೊಸದಾದ ಮೂರು ಬಣ್ಣದ ಹಾಫ್‌ಟೋನ್ ವಿಧಾನ. ಜಲವರ್ಣ ಚಿತ್ರವನ್ನು ಮೂರು ಬೇರೆ ಬಣ್ಣದ ಗಾಜಿನ ಮೂಲಕ ಮೂರು ಸಲ ಛಾಯಾಚಿತ್ರ ತೆಗೆದು, ಚುಕ್ಕಿ ಜಾಲರಿಯ ಮೂಲಕ ಲೋಹದ ಬ್ಲಾಕಿಗೆ ಇಳಿಸಿ, ಹಳದಿ, ಕೆಂಪು, ನೀಲಿ ಒಂದರ ಮೇಲೊಂದು ಒತ್ತುವುದು. ಚಿತ್ರಕ್ಕೆ ಕಪ್ಪು ಶಾಯಿ ಇಲ್ಲ. ಮೊಲದ ಕಿವಿಯ ನೆರಳು, ಮೀಸೆಯ ಗೆರೆ ಎಲ್ಲವೂ ಆ ಮೂರೇ ಬಣ್ಣ ಕೂಡಿ ಆದದ್ದು. ಚುಕ್ಕಿ ನುಣುಪಾಗಿ ಕೂರಲಿ ಎಂದು ಕಾಗದಕ್ಕೆ ಲೇಪ ಇರಲೇಬೇಕಿತ್ತು. ಕಡಿಮೆ ಬೆಲೆಗೆ ಬಣ್ಣದ ಪುಸ್ತಕ ಸಾಧ್ಯವಾದದ್ದು ಇದರಿಂದಲೇ.

ಈಗ ನಿಮ್ಮ ಕೆಲಸಕ್ಕೆ. ಈ ಹಳೆ ಚುಕ್ಕಿಗಳ ಮೇಲೆ ಇಂದಿನ ಆಫ್‌ಸೆಟ್ ಚುಕ್ಕಿ ಬಿದ್ದರೆ ಅಲೆಅಲೆಯಾದ ಗೀರು ಕಾಣುತ್ತದೆ. ಅದನ್ನು ತಪ್ಪಿಸಲು 600 ಡಿಪಿಐಗೆ ಸ್ಕ್ಯಾನ್ ಮಾಡಿ, ಡಿಸ್ಕ್ರೀನ್ ಮಾಡಿ (ಹಳೆ ಚುಕ್ಕಿಗಳನ್ನು ಕರಗಿಸಿ), ಆಮೇಲೆ 300ಕ್ಕೆ ಇಳಿಸಿ. ಕ್ರಮ ತಿರುವುಮುರುವು ಮಾಡಬೇಡಿ. ಇಂಟರ್‌ನೆಟ್ ಆರ್ಕೈವ್‌ನಂಥ ಕಡೆಯಿಂದ ಇಳಿಸಿಕೊಳ್ಳುವುದಾದರೆ ಪಿಕ್ಸೆಲ್ ಎಣಿಸಿ. 3 ಇಂಚು ಅಗಲದ ಚಿತ್ರಕ್ಕೆ 900 ಪಿಕ್ಸೆಲ್ ಕನಿಷ್ಠ, ಅದಕ್ಕಿಂತ ಕಡಿಮೆ ಇದ್ದರೆ ಬಿಟ್ಟುಬಿಡಿ.

ಬಣ್ಣ ಬೇರ್ಪಡಿಸುವಾಗ ಸಾಫ್ಟ್‌ವೇರ್ ತಾನಾಗಿಯೇ ನೆರಳಿಗೆ ಕಪ್ಪು ತುಂಬುತ್ತದೆ, ತುಪ್ಪಳ ಮಸಿ ಹಿಡಿದಂತಾಗುತ್ತದೆ. ಕಪ್ಪನ್ನು ಹಗುರಕ್ಕೆ ಇಡಿ. ಕಾಗದ ಹಳದಿಯಾದದ್ದನ್ನು ತೆಗೆಯಲು ಬಿಳುಪು ಏರಿಸುತ್ತಾರಲ್ಲ, ಅಲ್ಲೂ ಕೈ ಬಿಗಿ ಇರಲಿ. ಪಾಟರ್ ಚಿತ್ರಗಳಿಗೆ ಚೌಕಟ್ಟಿಲ್ಲ, ಅಂಚು ತೆಳುವಾಗುತ್ತಾ ಬಿಳಿಯಲ್ಲಿ ಕರಗುತ್ತದೆ. ಬಿಳುಪು ಜಾಸ್ತಿಯಾದರೆ ಹುಲ್ಲಿನ ತೆಳು ಹಸಿರು ಹೋಗಿ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕಾಣುತ್ತದೆ.

ಅಳತೆ ನಿಮ್ಮ ಪುಣ್ಯ. ಮೂಲ ಪುಸ್ತಕ ಸುಮಾರು 4¼ × 5½ ಇಂಚು. ಅದು ನಮ್ಮ ಡೆಮಿ 1/16. ಕಾದಂಬರಿಗಳ ಡೆಮಿ 1/8 ಪುಟವನ್ನು ಅಡ್ಡಕ್ಕೆ ಮಡಚಿದರೆ ಇದೇ ಬರುತ್ತದೆ. 18 × 23 ಇಂಚಿನ ಒಂದು ಹಾಳೆಯಲ್ಲಿ ಎರಡೂ ಬದಿ ಸೇರಿ 32 ಪುಟ, 64 ಪುಟಕ್ಕೆ ಎರಡೇ ಹಾಳೆ. ಚಿತ್ರ ಪುಟದಂಚಿಗೆ ಹೋಗುವುದಿಲ್ಲವಾದ್ದರಿಂದ ಬ್ಲೀಡ್ (ಕತ್ತರಿಸಿ ಬಿಡುವ ಹೆಚ್ಚುವರಿ ಅಂಚು) ಬೇಕಿಲ್ಲ, ಅದಕ್ಕೇ ಇಷ್ಟು ಬಿಗಿಯಾಗಿ ಹಿಡಿಸುತ್ತದೆ. ಯಂತ್ರ ಹಾಳೆ ಹಿಡಿಯುವ ಗ್ರಿಪ್ಪರಿಗೆ ಎಷ್ಟು ಬಿಡಬೇಕು ಎಂದು ಮಾತ್ರ ಪ್ರೆಸ್‌ನವರನ್ನು ಮೊದಲೇ ಕೇಳಿ.

ಕಾಗದ 130 ಜಿಎಸ್ಎಂ ಮ್ಯಾಟ್ ಆರ್ಟ್. ಮ್ಯಾಪ್‌ಲಿಥೋ (ಲೇಪವಿಲ್ಲದ ಕಾಗದ) ಅಗ್ಗ, ಆದರೆ ಶಾಯಿ ಹೀರಿ ಬಣ್ಣ ಮಂಕಾಗುತ್ತದೆ. ಹೊಳಪಿನ ಆರ್ಟ್ ಕಾಗದ ದೀಪದ ಕೆಳಗೆ ಕಣ್ಣಿಗೆ ಹೊಡೆಯುತ್ತದೆ. ಈ ದಪ್ಪದ ಕಾಗದದಲ್ಲಿ 32 ಪುಟದ ಒಂದೇ ಮಡಿಕೆ ಉಬ್ಬುತ್ತದೆ, 16 ಪುಟದ ನಾಲ್ಕು ಫಾರಂ ಮಾಡಿಸಿ ದಾರದ ಹೊಲಿಗೆ ಹಾಕಿಸಿ. ಬೆನ್ನು ಬರೀ 4 ಮಿ.ಮೀ. ಬರುತ್ತದೆ. ಅಷ್ಟು ತೆಳು ಬೆನ್ನಿಗೆ ಗೋಂದಿನ ಬೈಂಡಿಂಗ್ ಮಾಡಿಸಿದರೆ ಮಕ್ಕಳ ಕೈಯಲ್ಲಿ ವಾರದೊಳಗೆ ಹಾಳೆ ಉದುರುತ್ತವೆ.

ಮುನ್ನುಡಿ
ಡೆಮಿ 1/16 ಎಂದು ಹೊಳೆದೇ ಇರಲಿಲ್ಲ, ಧನ್ಯವಾದ. ಹಾಗಾದರೆ ಚಿತ್ರ 27 ಇಟ್ಟುಕೊಳ್ಳಲೋ, ಕಿತ್ತುಹಾಕಿದ ನಾಲ್ಕನ್ನೂ ಸೇರಿಸಲೋ?

ಹಳೆಹೊತ್ತಗೆ
ಸೇರಿಸಿ. ಅವು ಹೋದದ್ದು ಕಥೆಗೆ ಬೇಡವಾಗಿದ್ದಕ್ಕಲ್ಲ, ಅಂಗಡಿಯಲ್ಲಿ ಕಣ್ಣು ಕುಕ್ಕುವ ಒಳಹಾಳೆ ಪ್ರಕಾಶಕರಿಗೆ ಬೇಕಿತ್ತು ಅಂತ. ಮುಖಪುಟಕ್ಕೂ ಕಥೆಗೂ ನಡುವೆ ಕಣ್ಣಿಗೆ ಕೊಂಚ ವಿರಾಮ ಇರಬೇಕು ಎಂಬುದು ಪಾಟರ್ ಅವರ ಅಭಿಪ್ರಾಯವಾಗಿತ್ತು. ಪೀಟರ್ ನುಗ್ಗುವ ತೋಟದ ಒಡೆಯ ಮೆಗ್ರೆಗರ್‌ನ ಹೆಂಡತಿ ಪೈ (ಹಿಟ್ಟಿನ ಹೊದಿಕೆಯೊಳಗೆ ಮಾಂಸ ತುಂಬಿ ಸುಟ್ಟ ತಿನಿಸು) ಬಡಿಸುವ ಚಿತ್ರ ಹಾಗೆ ಹೋದದ್ದೇ. ಪೀಟರ್‌ನ ಅಪ್ಪ ಆ ಪೈಯೊಳಗೆ ಹೋದವನು, ಕಥೆಯ ಹೆದರಿಕೆಯೆಲ್ಲ ಅಲ್ಲಿದೆ. 2002ರ ಶತಮಾನೋತ್ಸವ ಆವೃತ್ತಿಯಲ್ಲಿ ಆ ನಾಲ್ಕನ್ನೂ, ಹಿಂದೆಂದೂ ಬಳಸದ ಇನ್ನೆರಡನ್ನೂ ಸೇರಿಸಿದ್ದಾರೆ.

ಕರಡಚ್ಚು
ನನ್ನ ಮತ ಬೇರೆ. 1903ರಿಂದ ಸುಮಾರು ನೂರು ವರ್ಷ ಜಗತ್ತು ಓದಿದ್ದು 27 ಚಿತ್ರದ ಪುಸ್ತಕವನ್ನು. ಲೇಖಕಿ ಬದುಕಿದ್ದ 40 ವರ್ಷವೂ ಅದು ಹಾಗೇ ಇತ್ತು. ಮೇಲಾಗಿ ಲೆಕ್ಕ ನೋಡಿ: ಒಂದು ಚಿತ್ರ ಎದುರುಪುಟಕ್ಕೆ, 26 ಚಿತ್ರಕ್ಕೆ 26 ಪಠ್ಯಪುಟ, ಒಟ್ಟು 53. ಉಳಿದ 11ರಲ್ಲಿ ಅರ್ಧಶೀರ್ಷಿಕೆ, ಶೀರ್ಷಿಕೆ, ಹಕ್ಕುಪುಟ, ನಿಮ್ಮ ಪರಿಚಯ, ಕೆಲವು ಖಾಲಿ. ನಾಲ್ಕು ಚಿತ್ರ ಸೇರಿದರೆ ಎಂಟು ಪುಟ ಹೋಗಿ ಪರಿಚಯಕ್ಕೆ ಜಾಗವೇ ಇರದು. 80 ಪುಟಕ್ಕೆ ಏರಿಸಿದರೆ ಖರ್ಚೂ ಏರುತ್ತದೆ.

ಅದಕ್ಕಿಂತ ಮುಖ್ಯವಾದದ್ದು, ಪಠ್ಯ ಪುಟ ದಾಟಬಾರದು. ಪಾಟರ್ ಕಥೆ ಬರೆದು ಆಮೇಲೆ ಚಿತ್ರ ಹೊಂದಿಸಿದವರಲ್ಲ, ಖಾಲಿ ಹಾಳೆಗಳ ಮಾದರಿ ಪುಸ್ತಕ ಮಾಡಿ ಅದರಲ್ಲಿ ಅಂಟಿಸಿ ನೋಡುತ್ತಿದ್ದರು. ಒಂದು ಪುಟದ ಮಾತು, ಅದರ ಎದುರು ಅದೇ ಕ್ಷಣದ ಚಿತ್ರ. ಪೂರ್ತಿ ಕಥೆ ಇಂಗ್ಲಿಷಿನಲ್ಲಿ ಸುಮಾರು 950 ಪದ, ಪುಟಕ್ಕೆ ಸರಾಸರಿ 36. ಕೆಲವು ಪುಟದಲ್ಲಿ ಒಂದೇ ವಾಕ್ಯ. ಕನ್ನಡದ ಎರಡು ಸಾಲು ಮುಂದಿನ ಪುಟಕ್ಕೆ ಜಾರಿದರೆ ಅಲ್ಲಿಂದಾಚೆ ಎಲ್ಲ ಜೋಡಿಯೂ ತಪ್ಪುತ್ತದೆ. ಕೋಟಿನ ಗುಂಡಿ ಬಲೆಗೆ ಸಿಕ್ಕ ವಿಷಯ ಓದುವ ಮೊದಲೇ ಮಗು ಬಲೆಯಲ್ಲಿ ಬಿದ್ದ ಪೀಟರನ್ನು ನೋಡಿಬಿಡುತ್ತದೆ.

ಜೋಡಣೆಗೆ ಇದನ್ನು ಹಿಡಿಯಿರಿ. ಪುಟದ ಅಗಲ 108 ಮಿ.ಮೀ., ಎರಡೂ ಬದಿ 15 ಬಿಟ್ಟರೆ ಸಾಲಿಗೆ 78. ಅಕ್ಷರ 14 ಪಾಯಿಂಟ್, ಸಾಲಿನ ಅಂತರ 21ಕ್ಕಿಂತ ಕಡಿಮೆ ಬೇಡ, ಒತ್ತಕ್ಷರದ ಬಾಲ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಇಷ್ಟರಲ್ಲಿ ಸಾಲಿಗೆ ಇಪ್ಪತ್ತು ಅಕ್ಷರ ಆಚೀಚೆ ಕೂರುತ್ತದೆ. ಎರಡೂ ಕಡೆ ಸಮ ಮಾಡಲು ಹೋಗಬೇಡಿ, ನಮ್ಮ ಪದಗಳು ಉದ್ದ, ನಡುವೆ ದೊಡ್ಡ ಕಿಂಡಿ ಬೀಳುತ್ತದೆ. ಎಡಕ್ಕೆ ಮಾತ್ರ ಸಮ ಮಾಡಿ. ಇನ್‌ಡಿಸೈನ್‌ನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಹಾಕದಿದ್ದರೆ ಯೂನಿಕೋಡ್ ಒತ್ತು ಒಡೆದುಹೋಗುತ್ತದೆ. ಒಂದು ಪುಟಕ್ಕೆ ಒಂಬತ್ತು ಸಾಲು ಮೀರಿದರೆ ಅಕ್ಷರ ಸಣ್ಣದು ಮಾಡಬೇಡಿ, ವಾಕ್ಯವನ್ನು ಸಣ್ಣದು ಮಾಡಿ.

ಚಿತ್ರವನ್ನು ಹೊಸದಾಗಿ ಬರೆಸುತ್ತೇನೆ ಎನ್ನುವವರಿಗೂ ಒಂದು ಮಾತು. ಪೀಟರ್ ಕೋಟು ತೊಟ್ಟಾಗ ಎರಡು ಕಾಲಿನ ಮೇಲೆ ನಿಂತ ಹುಡುಗ, ಕೋಟು ಕಳಚಿ ಓಡುವಾಗ ನಾಲ್ಕು ಕಾಲಿನ ಅಪ್ಪಟ ಮೊಲ. ಆ ಬದಲಾವಣೆ ಬೇಕೆಂದೇ ಮಾಡಿದ್ದು. ಪಾಟರ್ ಅವರ ಕಣ್ಣೆದುರಿಗೆ ಮಾದರಿಯಾಗಿ ಇದ್ದದ್ದು ಅವರೇ ಸಾಕಿದ ಮೊಲ. 4 ಶಿಲಿಂಗ್ 6 ಪೆನ್ನಿ ಕೊಟ್ಟು ಕೊಂಡ ಪೀಟರ್ ಪೈಪರ್. ಕಾರ್ಟೂನ್ ಮೊಲ ಬರೆದರೆ ಈ ಕಥೆ ನಿಲ್ಲುವುದಿಲ್ಲ.

ಅಣಬೆ
ಪರಿಚಯದ ಎರಡು ಪುಟಕ್ಕೆ: ‘ಕಲ್ಲುಹೂವು ಎಂದರೆ ಶಿಲೀಂಧ್ರ, ಪಾಚಿಗಳ ಕೂಡುಬಾಳು ಎಂದು ಮೊದಲು ಕಂಡುಹಿಡಿದವರು ಪಾಟರ್’ ಎಂದು ದಯವಿಟ್ಟು ಹಾಕಬೇಡಿ. ಎಲ್ಲ ಕಡೆ ಸುತ್ತುತ್ತಿರುವ ಸುಳ್ಳು. ಅದನ್ನು 1860ರ ದಶಕದಲ್ಲೇ ಸ್ವಿಸ್ ವಿಜ್ಞಾನಿ ಸಿಮೋನ್ ಶ್ವೆಂಡನರ್ ಮಂಡಿಸಿದ್ದರು, ಆಗ ಪಾಟರ್ ಇನ್ನೂ ಕೂಸು.

ನಿಜ ಇಷ್ಟು. ಅಣಬೆಯ ಬೀಜಕಗಳನ್ನು ಮೊಳೆಯಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರಿಸಿದರು. ಸ್ಕಾಟ್ಲೆಂಡಿನ ಅಂಚೆಯಾಳು, ನಿಸರ್ಗ ತಜ್ಞ ಚಾರ್ಲ್ಸ್ ಮ್ಯಾಕಿಂಟಾಷ್ ಪಾಟರ್ ಅವರಿಗೆ ಮಾದರಿಗಳನ್ನು ಕಳಿಸಿ ದಾರಿ ತೋರಿಸಿದವರು. 1897ರ ಏಪ್ರಿಲ್ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿ ಎಂಬ ನಿಸರ್ಗ ವಿಜ್ಞಾನಿಗಳ ಸಂಘದಲ್ಲಿ ಅವರ ಪ್ರಬಂಧ ಮಂಡನೆಯಾಯಿತು. ಹೆಂಗಸರಿಗೆ ಸಭೆಗೆ ಪ್ರವೇಶ ಇಲ್ಲದ್ದರಿಂದ ಕ್ಯೂ ಉದ್ಯಾನದ ಜಾರ್ಜ್ ಮಾಸ್ಸಿ ಅದನ್ನು ಸಭೆಯ ಮುಂದಿಟ್ಟರು. ಆಮೇಲೆ ಪಾಟರ್ ಪ್ರಬಂಧವನ್ನು ಹಿಂತೆಗೆದುಕೊಂಡರು, ಅದರ ಪ್ರತಿ ಈಗ ಸಿಗುವುದಿಲ್ಲ. ಚಿತ್ರಗಳು ಆ್ಯಂಬಲ್‌ಸೈಡ್‌ನ ಆರ್ಮಿಟ್ ಸಂಗ್ರಹಾಲಯದಲ್ಲಿವೆ. ಅವುಗಳಲ್ಲಿ 59ನ್ನು 1967ರಲ್ಲಿ ಬಂದ ಅಣಬೆಗಳ ಕೈಪಿಡಿಯೊಂದು ಬಳಸಿಕೊಂಡಿತು. ಅಷ್ಟು ಖಚಿತವಾದ ಚಿತ್ರಗಳು. ಇಷ್ಟು ಸಾಕಲ್ಲವೇ, ಸುಳ್ಳು ಯಾಕೆ?

ಹಳೆಹೊತ್ತಗೆ
ಇನ್ನೊಂದು ತಪ್ಪು ಎಲ್ಲ ಪರಿಚಯಗಳಲ್ಲೂ ಇದೆ. ಪ್ರಕಾಶಕ ನಾರ್ಮನ್ ವಾರ್ನ್ 1905ರ ಜುಲೈನಲ್ಲಿ ಮದುವೆಯ ಪ್ರಸ್ತಾಪ ಮಾಡಿ ಆಗಸ್ಟ್ 25ಕ್ಕೆ ತೀರಿಕೊಂಡರು, ಆ ದುಃಖದಲ್ಲಿ ಪಾಟರ್ ಲಂಡನ್ ಬಿಟ್ಟು ಹಿಲ್‌ಟಾಪ್‌ನಲ್ಲಿ ನೆಲೆಸಿದರು ಎಂದು ಬರೆಯುತ್ತಾರೆ. ಉತ್ತರ ಇಂಗ್ಲೆಂಡಿನ ನಿಯರ್ ಸಾರಿ ಊರಿನ ಹಿಲ್‌ಟಾಪ್ ತೋಟ ಕೊಂಡದ್ದು ಆ ವರ್ಷವೇ, ಸರಿ. ಆದರೆ 1913ರವರೆಗೆ ಅವರ ಹೆಚ್ಚಿನ ಕಾಲ ಹೋದದ್ದು ತಂದೆತಾಯಿಯ ಜೊತೆಯಲ್ಲೇ, ಬಿಡುವು ಸಿಕ್ಕಾಗ ತೋಟಕ್ಕೆ ಬರುತ್ತಿದ್ದರು. ಆ ವರ್ಷದ ಅಕ್ಟೋಬರಿನಲ್ಲಿ, 47ನೇ ವಯಸ್ಸಿನಲ್ಲಿ, ವಕೀಲ ವಿಲಿಯಂ ಹೀಲಿಸ್ ಅವರನ್ನು ಮದುವೆಯಾದ ಮೇಲೂ ಸಂಸಾರ ಹೂಡಿದ್ದು ಎದುರಿನ ಕ್ಯಾಸಲ್ ಕಾಟೇಜಿನಲ್ಲಿ. ಹಿಲ್‌ಟಾಪ್ ಕೆಲಸಕ್ಕೆ, ತಮ್ಮ ಸಾಮಾನು ಇಡುವುದಕ್ಕೆ.

ಮದುವೆಯ ಮೇಲೆ ಬರೆದದ್ದು ಕಡಿಮೆ. 1917ರಲ್ಲಿ ನಾರ್ಮನ್‌ನ ಅಣ್ಣ ಹೆರಾಲ್ಡ್ ವಾರ್ನ್ ನಕಲಿ ಹುಂಡಿ ಮಾಡಿ ಜೈಲಿಗೆ ಹೋದಾಗ ಸಂಸ್ಥೆ ಮುಳುಗುವಂತಾಯಿತು. ಆಗ ಹಳೆ ಚಿತ್ರಗಳನ್ನೇ ಕೂಡಿಸಿ ಶಿಶುಪ್ರಾಸಗಳ ಪುಸ್ತಕವೊಂದನ್ನು ಬೇಗ ಮಾಡಿಕೊಟ್ಟರು. ಕೊನೆಯ ದಿನಗಳ ಪುಸ್ತಕಗಳು ಮೊದಲಿನವುಗಳ ಮಟ್ಟಕ್ಕಿಲ್ಲ, ಕಣ್ಣೂ ಮಂಜಾಗಿತ್ತು.

ಕುರಿಹಟ್ಟಿ
ಎಲ್ಲಾರೂ ಮೊಲದ ಬೆನ್ನ ಹತ್ತೀರಿ, ಕುರಿ ಬಗ್ಗೆ ಒಬ್ರೂ ಮಾತಾಡವಲ್ರಿ. ಅವರ ಕಡೀ 30 ವರ್ಷ ಕುರಿ ಹಿಂದ ಹೋಗ್ಯಾವ. ಪರಿಚಯದಾಗ ಅರ್ಧಾ ಪುಟ ಇದಕ್ಕ ಕೊಡ್ರಿ.

1923ರಾಗ ಟ್ರೌಟ್‌ಬೆಕ್ ಪಾರ್ಕ್ ಅನ್ನೋ ಗುಡ್ಡದ ಜಮೀನು ಕೊಂಡ್ರು, 2000 ಎಕರೆ ಹತ್ರ ಹತ್ರ. ಅಲ್ಲಿ ಕುರಿಗಳಿಗೆ ಲಿವರ್ ಫ್ಲೂಕ್ ಹತ್ತಿತ್ತು. ಜವುಗು ನೆಲದಾಗ ಸಣ್ಣ ಶಂಖದ ಹುಳ ಇರ್ತಾವ, ಅದರ ಹೊಟ್ಟ್ಯಾಗ ಬೆಳೆದ ಮರಿಹುಳ ಹೊರಗ ಬಂದು ಹುಲ್ಲಿಗೆ ಅಂಟ್ಕೊಂತದ, ಕುರಿ ಮೇಯ್ದ ಕೂಡ್ಲೇ ಒಳಗ. ಗದ್ದದ ಕೆಳಗ ನೀರು ತುಂಬಿ ಬಾತು, ಸೊರಗಿ ಸಾಯ್ತಾವ. ನಮ್ಮ ಕಡೆ ಕೆರಿ ದಂಡಿಗೆ ಮೇಯಿಸಿದ್ರೂ ಇದ ಆಗೂದು. ಟಾಮ್ ಸ್ಟೋರಿ ಅನ್ನೋ ಕುರುಬನ್ನ ಕರೆಸಿ ಹಿಂಡು ಚಲೋ ಮಾಡಿಸಿದ್ರು, ಮುಂದ ಆತನ್ನ ಹಿಲ್‌ಟಾಪ್‌ಗೆ ಒಯ್ದು ಪ್ರದರ್ಶನದಾಗ ಬಹುಮಾನ ಹೊಡಿಯೂ ಅಂಥಾ ಕುರಿ ಮಾಡಿದ್ರು.

ತಳಿ ಹರ್ಡ್‌ವಿಕ್. ಮರಿ ಹುಟ್ಟುವಾಗ ಕರ್ರಗ, ಬೆಳಕೋತ ಹೋದಂಗ ಬೂದಿ ಬಣ್ಣ. ಉಣ್ಣಿ ಒರಟು, ನಮ್ಮ ದಖ್ಖನಿ ಕುರಿದಿದ್ದಂಗ. ಇದರ ಗುಣ ಏನಂದ್ರ, ತಾಯಿ ಕೂಡ ಅಡ್ಡಾಡಿ ಮರಿ ತನ್ನ ಗುಡ್ಡ ಯಾವುದು ಅಂತ ಕಲೀತದ. ಬೇಲಿ ಬೇಕಾಗಂಗಿಲ್ಲ. ಜಮೀನು ಬಿಡುವಾಗ ಹಿಂಡು ಪೂರ್ತಿ ಮಾರಿದ್ರೋ, ಆ ತಿಳುವಳಿಕಿ ಹೋತು. ಹೊಸಾ ಕುರಿ ತಂದು ಬಿಟ್ರ ಸಿಕ್ಕ ಕಡೆ ಹೋಗ್ತಾವ. ಅದಕ್ಕ ಅಲ್ಲಿ ಹಿಂಡು ಜಮೀನಿಗೇ ಸೇರಿದ್ದು, ಗುತ್ತಿಗಿ ಹಿಡಿದಾಂವ ಬಿಟ್ಟು ಹೋಗುವಾಗ ಅಷ್ಟ ಕುರಿ ತಿರುಗಿ ಒಪ್ಪಿಸಬೇಕು. ಪಾಟರ್ ತಮ್ಮ ಮರಣಪತ್ರದಾಗ ಇದನ್ನ ಬರೆಸ್ಯಾರ: ಗುಡ್ಡದ ಜಮೀನಿನಾಗ ಅಪ್ಪಟ ಹರ್ಡ್‌ವಿಕ್ ಹಿಂಡೇ ಇರಬೇಕು ಅಂತ. ನ್ಯಾಷನಲ್ ಟ್ರಸ್ಟಿಗೆ (ಜಮೀನು, ಹಳೇ ಮನಿ ಕಾಪಾಡೋ ಬ್ರಿಟನ್ನಿನ ಸಂಸ್ಥೆ) ಬಿಟ್ಟದ್ದು 4000 ಎಕರೆಗೂ ಮಿಕ್ಕಿ. 1943ರಾಗ ಹರ್ಡ್‌ವಿಕ್ ತಳಿಗಾರರ ಸಂಘದ ಮುಂದಿನ ಅಧ್ಯಕ್ಷರು ಅಂತ ಆರಿಸಿದ್ರು, ಕುರ್ಚಿ ಏರೂದ್ರಾಗ ತೀರ್ಕೊಂಡ್ರು.

ಟ್ರಸ್ಟ್ ಕಟ್ಟಿದವರೊಳಗ ಒಬ್ರು ಪಾದ್ರಿ ಹಾರ್ಡ್‌ವಿಕ್ ರಾನ್ಸ್‌ಲಿ. ಮೊಲದ ಕಥಿ ಪದ್ಯ ಮಾಡಿ ವಾರ್ನ್‌ನವರಿಗೆ ಕಳಿಸಿದಾವರೂ ಅವರ!

ಮುನ್ನುಡಿ
27 ಚಿತ್ರಕ್ಕೇ ನಿಲ್ಲುತ್ತೇನೆ, ಪರಿಚಯದಲ್ಲಿ ಕುರಿಗೆ ಜಾಗ ಸಿಗಲಿ. ಅಚ್ಚಿಗೆ ಕೊಡುವ ಮುನ್ನ ಕೊನೆಗೆ ಏನು ನೋಡಬೇಕು?

ಅಚ್ಚುಮೊಳೆ
ಕಂಪ್ಯೂಟರ್ ಪರದೆಯಲ್ಲಿ ನೋಡಿ ಒಪ್ಪಬೇಡಿ, ಆರಿಸಿದ ಕಾಗದದ ಮೇಲೇ ಪ್ರೂಫ್ ತೆಗೆಸಿ. ಕನ್ನಡ ಅಕ್ಷರ ಶುದ್ಧ ಕಪ್ಪೊಂದರಲ್ಲೇ ಇದೆಯೇ ನೋಡಿ. ನಾಲ್ಕು ಬಣ್ಣ ಕೂಡಿದ ಕಪ್ಪಾದರೆ ತೆಳು ಗೆರೆಗಳ ಅಂಚಿನಲ್ಲಿ ಬಣ್ಣ ಇಣುಕುತ್ತದೆ. ಆಮೇಲೆ ಹಾಳೆ ಮಡಚಿ ಪ್ರತಿ ಜೋಡಿ ಪುಟ ಎದುರುಬದುರು ಬಂದಿದೆಯೇ ಎಣಿಸಿ. ಯಂತ್ರ ಓಡುವಾಗ ಪೀಟರ್‌ನ ನೀಲಿ ಕೋಟಿನ ಅಂಚನ್ನು ಭೂತಗನ್ನಡಿಯಲ್ಲಿ ಹಿಡಿಯಿರಿ. ಅಲ್ಲಿ ಹಳದಿಯೋ ಕೆಂಪೋ ಎಳೆ ಕಂಡರೆ ರಿಜಿಸ್ಟರ್ (ಬಣ್ಣಗಳ ಹೊಂದಿಕೆ) ಜರುಗಿದೆ, ಯಂತ್ರ ನಿಲ್ಲಿಸಲು ಹೇಳಿ. ಸ್ಕ್ಯಾನಿನಲ್ಲೇ ಆ ಎಳೆ ಇದ್ದರೆ ಅದು 1900ರ ದಶಕದ ಪ್ರೆಸ್‌ನವರ ತಪ್ಪು, ನಿಮ್ಮ ಪ್ರೆಸ್‌ನವರನ್ನು ಬೈಯಬೇಡಿ.